ಇಂಗುದಿಯೂ ನಮ್ಮ ಬದುವಿನ ಇಂಗಳವೂ

೧

ಸಂಸ್ಕೃತಕಾವ್ಯಗಳ ಪರಿಚಯವುಳ್ಳವರಿಗೆ ಇಂಗುದೀ ಎಂಬ ಹೆಸರು ಹೊಸದಲ್ಲ. ವಾಲ್ಮೀಕಿರಾಮಾಯಣದ ಅಯೋಧ್ಯಾಕಾಂಡದಲ್ಲಿಯೂ ಕಾಳಿದಾಸನ ಶಾಕುಂತಲ ರಘುವಂಶಗಳಲ್ಲಿಯೂ ಅದು ಕಥೆಯ ಮುಖ್ಯಸ್ಥಳಗಳಲ್ಲಿಯೇ ಬರುತ್ತದೆ. ಆದರೆ ಆ ಸ್ಥಳಗಳನ್ನು ಪಾಠ ಹೇಳುವಾಗ ‘ವೃಕ್ಷವಿಶೇಷ’ವೆಂದೋ, ಅಮರಸಿಂಹನನ್ನನುಸರಿಸಿ ‘ತಾಪಸತರು’ವೆಂದೋ ಹೇಳಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಈ ಲೇಖಕನೂ ಪಾಠಶಾಲೆಯಲ್ಲಿ ಹಾಗೆಯೇ ಕಲಿತು, ಬಹುಕಾಲ ಹಾಗೆಯೇ ಕಲಿಸಿದವನು. ಪರ್ಯಾಯಪದವನ್ನು ಹೇಳಿದ ಮಾತ್ರದಿಂದ ಪದಾರ್ಥಜ್ಞಾನವಾಗುವುದಿಲ್ಲ. ತಾಪಸತರುವೆಂದರೆ ಯಾವುದು ಎಂದು ವಿದ್ಯಾರ್ಥಿಯು ಮರಳಿ ಕೇಳಿದರೆ ಗುರುವಿನ ಬಳಿ ಉತ್ತರವಿರಬೇಕಲ್ಲವೆ?

ಆ ಉತ್ತರವು ದೂರದ ತಪೋವನಗಳಲ್ಲಿಲ್ಲ. ವಿಜಯಪುರದ ಸುತ್ತಲಿನ ಎರೆಹೊಲಗಳ ಬದುಗಳಲ್ಲಿಯೇ ಇದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ನಮ್ಮ ಒಕ್ಕಲಿಗರು ಇಂಗಳದ ಗಿಡವೆಂದೂ, ಬೇರೆ ಬೇರೆ ಕಡೆಗಳಲ್ಲಿ ಇಂಗಳಾರೆ, ಇಂಗಳುಕೆ ಎಂದೂ ಕರೆಯುವ ಮುಳ್ಳುಗಿಡವೇ ಕವಿಗಳ ಇಂಗುದೀ. ಇದನ್ನು ಮೊದಲು ಗಿಡದ ಲಕ್ಷಣದಿಂದಲೂ, ಆಮೇಲೆ ಕಾವ್ಯಪ್ರಯೋಗಗಳಿಂದಲೂ, ಕೊನೆಗೆ ನಮ್ಮ ಜಿಲ್ಲೆಯ ಊರುಗಳ ಹೆಸರುಗಳಿಂದಲೂ ವಿಚಾರಮಾಡೋಣ.

೨

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಟಿಕೋಟಾದ ಕಡೆಗೂ ನೈರುತ್ಯಕ್ಕೆ ಬಬಲೇಶ್ವರದ ಕಡೆಗೂ ಹೋಗುವ ದಾರಿಗಳ ಎರಡೂ ಪಕ್ಕಗಳಲ್ಲಿ ಹಬ್ಬಿರುವುದು ಕಪ್ಪುನೆಲ, ನಡುನಡುವೆ ಕಲ್ಲುಗರಸಿನ ದಿಬ್ಬಗಳು. ಈ ಎರಡು ಊರುಗಳೂ ಈಚೆಗೆ ಪ್ರತ್ಯೇಕ ತಾಲ್ಲೂಕುಗಳ ಮುಖ್ಯಸ್ಥಾನಗಳಾಗಿವೆ. ಈ ಸೀಮೆಯಲ್ಲಿ ಮಳೆ ಸ್ವಲ್ಪ. ಆ ಸ್ವಲ್ಪವೂ ಕಾಲಕ್ಕೆ ಸರಿಯಾಗಿ ಬರುವುದೆಂಬ ಭರವಸೆಯಿಲ್ಲ. ೧೮೭೬–೭೮ರ ಘೋರಕ್ಷಾಮದಲ್ಲಿ ಅತಿಯಾಗಿ ಬಳಲಿದ ಪ್ರದೇಶಗಳಲ್ಲಿ ಇದೂ ಒಂದು. ಇಂತಹ ನೆಲದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ನಿಲ್ಲುವ ಗಿಡಗಳು ಜಾಲಿ, ಬಾರೆ, ಬನ್ನಿ, ಕತ್ತಾಳೆ ಮೊದಲಾದ ಕೆಲವೇ. ಅವುಗಳಲ್ಲಿ ಇಂಗಳವೂ ಒಂದು.

ಇಂಗಳವು ಒಳ್ಳೆಯ ನೆಲದಲ್ಲಿ ಸುಮಾರು ೩೦ ಅಡಿಗಳವರೆಗೆ ಬೆಳೆಯಬಲ್ಲ ಮರ. ಆದರೆ ಬದುವಿನ ಮೇಲೆ, ಆಡುಗಳು ಮೇಯುತ್ತ ಒಕ್ಕಲಿಗನು ಬೇಲಿಗಾಗಿ ಸವರುತ್ತ ಇರುವಲ್ಲಿ, ಅದು ಪೊದೆಯಾಗಿಯೇ ಉಳಿಯುತ್ತದೆ. ಎಳೆಯ ಕೊಂಬೆಗಳೂ ಮುಳ್ಳುಗಳೂ ಹಸುರು. ಮುಳ್ಳು ನೇರವಾದುದು, ಗಟ್ಟಿಯಾದುದು, ಎರಡಂಗುಲದವರೆಗೂ ಬೆಳೆಯುವುದುಂಟು. ಎಲೆಯ ರಚನೆಯೇ ಈ ಗಿಡದ ಗುರುತು: ಗಿಡ್ಡನೆಯ ಒಂದು ತೊಟ್ಟಿಗೆ ಎರಡೇ ಎಸಳುಗಳು, ಬೂದುಹಸುರು ಬಣ್ಣದವು, ತೊಗಲಿನಂತೆ ದಪ್ಪನಾದವು. ಬೇಸಗೆಯಲ್ಲಿ ಎಲೆ ಉದುರಿದರೂ ಹಸುರಾದ ಕೊಂಬೆಯೂ ಮುಳ್ಳೂ ಎಲೆಯ ಕೆಲಸವನ್ನು ಮಾಡುತ್ತವೆ. ಬೇರು ನೆಲದೊಳಗೆ ಬಹಳ ಆಳಕ್ಕೆ ಇಳಿಯುತ್ತದೆ. ಹೂವು ಚಿಕ್ಕದು, ಹಳದಿಯೊಡನೆ ಬೆರೆತ ಹಸುರುಬಣ್ಣದ್ದು. ಕಾಯಿ ಖರ್ಜೂರಕ್ಕಿಂತ ದೊಡ್ಡದು. ಮೇಲೆ ಐದು ಗೀರುಗಳಿರುವುವು. ಹಣ್ಣಾದಾಗ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಒಳಗಿನ ತಿರುಳು ಅಂಟಾದುದು, ಮೊದಲು ಸಿಹಿಯೆನಿಸಿ ಕೊನೆಗೆ ಕಹಿಯಾಗುವುದು. ತಿರುಳಿನೊಳಗೆ ಕಲ್ಲಿನಂತಹ ಓಟೆ. ಆ ಓಟೆಯನ್ನು ಒಡೆದರೆ ಒಂದೇ ಬೀಜ. ಅದರಲ್ಲಿ ಅರ್ಧದಷ್ಟು ತೂಕ ಎಣ್ಣೆಯೇ.

ಇದೇ ಜಾತಿಯ ಗಿಡವು ಈಜಿಪ್ತ, ಸೂಡಾನ್, ಅರಬಸ್ತಾನಗಳ ಮರುಭೂಮಿಯ ಅಂಚುಗಳಲ್ಲಿಯೂ ಬೆಳೆಯುತ್ತದೆ. ಈಜಿಪ್ತಿನ ಪ್ರಾಚೀನಸಮಾಧಿಗಳಲ್ಲಿ ಇದರ ಓಟೆಗಳು ದೊರೆತಿವೆ. ೧೭೫೩ರಲ್ಲಿ ಲಿನ್ನೇಯಸ್ ಇದನ್ನು ಬೇರೊಂದು ವರ್ಗದಲ್ಲಿ ಸೇರಿಸಿದ್ದನು. ನೆಪೋಲಿಯನ್ನನ ದಂಡಯಾತ್ರೆಯ ಸಂಗಡ ಈಜಿಪ್ತಕ್ಕೆ ಹೋಗಿದ್ದ ದೆಲೀಲ್ ಎಂಬ ಫ್ರೆಂಚ್ ಪಂಡಿತನು ಬಾಲನೈಟಿಸ್ ಎಂಬ ಹೆಸರನ್ನು ಕೊಟ್ಟನು. ಓಕ್ ಮರದ ಕಾಯಿಯನ್ನು ಹೇಳುವ ಗ್ರೀಕ್ ಶಬ್ದವು ಅದಕ್ಕೆ ಮೂಲ. ಭಾರತದ ಗಿಡವನ್ನು ೧೮೫೪ರಲ್ಲಿ ಪ್ಲಾಂಶೋನ್ ಎಂಬವನು ಬಾಲನೈಟಿಸ್ ರಾಕ್ಸ್‌ಬರ್ಗೈ ಎಂದು ಬೇರೆಯಾಗಿ ಹೆಸರಿಸಿದನು. ಇವೆರಡೂ ಒಂದೇ ಎನ್ನುವ ಸಸ್ಯಶಾಸ್ತ್ರಜ್ಞರೂ ಉಂಟು. ನಮ್ಮ ವಿಚಾರಕ್ಕೆ ಆ ಭೇದದಿಂದ ಬಾಧೆಯಿಲ್ಲ.

೩

ಇಷ್ಟು ಸ್ಪಷ್ಟವಾದ ಗಿಡವು ಇಂಗುದೀ ಹೌದೋ ಅಲ್ಲವೋ ಎಂಬ ಸಂದೇಹಕ್ಕೆ ಕಾರಣವೇನು? ಮೋನಿಯರ್ ವಿಲಿಯಮ್ಸರ ಸುಪ್ರಸಿದ್ಧವಾದ ಸಂಸ್ಕೃತಕೋಶದಲ್ಲಿ (೧೮೯೯) ಇಂಗುದಕ್ಕೆ ಟರ್ಮಿನಾಲಿಯ ಕಟಪ್ಪ ಎಂದು ಅರ್ಥವನ್ನು ಕೊಟ್ಟು, ವಂಗದೇಶದಲ್ಲಿ ಇದನ್ನು ಪುತ್ರಂಜೀವದೊಡನೆ ಬೆರಸುತ್ತಾರೆಂದು ಸೂಚಿಸಿದೆ. ಟರ್ಮಿನಾಲಿಯ ಕಟಪ್ಪವೆಂದರೆ ಊರುಗಳಲ್ಲಿ ನೆರಳಿಗಾಗಿ ಬೆಳೆಸುವ, ಅಗಲವಾದ ಎಲೆಯ ನಾಡಬಾದಾಮಿಮರ. ಆ ಕೋಶವನ್ನೇ ಪ್ರಮಾಣವಾಗಿಟ್ಟುಕೊಂಡವರು ಶಾಕುಂತಲದ ಇಂಗುದಿಯನ್ನು ಬಾದಾಮಿಯೆಂದು ತಿಳಿದರೆ ಆಶ್ಚರ್ಯವಿಲ್ಲ. ಎಣ್ಣೆಯುಳ್ಳ ಬೀಜವೂ ಗಟ್ಟಿಯಾದ ಓಟೆಯೂ ಎರಡಕ್ಕೂ ಸಮಾನವಾದುದರಿಂದ ಈ ಭ್ರಮೆ ಹುಟ್ಟಿರಬಹುದು.

ಆದರೆ ಈ ಮತವು ನಿಲ್ಲಲಾರದು. ನರಹರಿಪಂಡಿತನ ರಾಜನಿಘಂಟುವಿನಲ್ಲಿ ಇಂಗುದಿಯ ಪರ್ಯಾಯಗಳನ್ನು ಎಣಿಸುವಾಗ ತೀಕ್ಷ್ಣಕಂಟ, ತೈಲಫಲ, ಪೂತಿಗಂಧ, ಕ್ರೋಷ್ಟುಫಲ ಎಂಬ ಹೆಸರುಗಳು ಬಂದಿವೆ. ವೈದ್ಯನಿಘಂಟುಗಳ ಪರ್ಯಾಯಗಳು ಕೇವಲ ಛಂದಸ್ಸನ್ನು ತುಂಬುವ ಶಬ್ದಗಳಲ್ಲ. ಒಂದೊಂದೂ ಗಿಡದ ಒಂದೊಂದು ಲಕ್ಷಣವನ್ನು ಹೇಳುವುದು. ಹರಿತವಾದ ಮುಳ್ಳುಳ್ಳದ್ದು ತೀಕ್ಷ್ಣಕಂಟ; ಎಣ್ಣೆಯ ಕಾಯಿಯುಳ್ಳದ್ದು ತೈಲಫಲ; ಕೆಟ್ಟ ವಾಸನೆಯುಳ್ಳದ್ದು ಪೂತಿಗಂಧ; ನರಿ ತಿನ್ನುವ ಹಣ್ಣುಳ್ಳದ್ದು ಕ್ರೋಷ್ಟುಫಲ. ಬಾದಾಮಿಮರಕ್ಕೆ ಮುಳ್ಳೇ ಇಲ್ಲ. ಪುತ್ರಂಜೀವಕ್ಕೂ ಇಲ್ಲ. ಮೇಲಾಗಿ ಬಾದಾಮಿಯು ಸಮುದ್ರತೀರದ ದ್ವೀಪಗಳಿಂದ ಬಂದ ಮರ. ಗಂಗೆಯ ತೀರದ, ಚಿತ್ರಕೂಟದ ಕಾಡುಗಳಲ್ಲಿ ತಾನಾಗಿ ಬೆಳೆದು ಋಷಿಗಳಿಗೆ ಒದಗುವಂಥದಲ್ಲ. ಮುಳ್ಳು, ಎಣ್ಣೆ, ದುರ್ಗಂಧ, ಒಣನೆಲದ ವಾಸ ಈ ನಾಲ್ಕೂ ಕೂಡಿರುವುದು ಇಂಗಳದಲ್ಲಿ ಮಾತ್ರ. ಹಿಂದಿಯ ಹಿಂಗೋಟ, ಮರಾಠಿಯ ಹಿಂಗಣ ಎಂಬ ಹೆಸರುಗಳು ಈ ಗಿಡಕ್ಕೇ ಇಂದಿಗೂ ಸಲ್ಲುತ್ತಿರುವುದು ಇದಕ್ಕೆ ಸಾಧಕವಾದ ಇನ್ನೊಂದು ಪ್ರಮಾಣ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ರಾಮನು ಶೃಂಗಬೇರಪುರದ ಬಳಿಯಲ್ಲಿ ಗಂಗೆಯ ತೀರದಲ್ಲಿ ಇಳಿದುಕೊಂಡ ಇಂಗುದಿಯನ್ನು ವಾಲ್ಮೀಕಿಗಳು ಬಹು ದೊಡ್ಡ ಮರವೆಂದು ವರ್ಣಿಸಿದ್ದಾರೆ. ನಮ್ಮ ಬದುವಿನ ಗಿಡವೋ ಆಳೆತ್ತರದ ಪೊದೆ. ಸಮಾಧಾನವನ್ನು ಮೇಲೆಯೇ ಸೂಚಿಸಿದೆ. ನದೀತೀರದಲ್ಲಿ ಮರವಾಗತಕ್ಕದ್ದು ಎರೆಬದುವಿನಲ್ಲಿ ಪೊದೆಯಾಗಿ ಉಳಿಯುವುದು ನೆಲದ ಗುಣದಿಂದಲೂ ಕೊಡಲಿಯ ಬಾಧೆಯಿಂದಲೂ ಹೊರತು ಜಾತಿಭೇದದಿಂದಲ್ಲ.

೪

ಗಿಡವನ್ನು ಕಣ್ಣಾರೆ ಕಂಡ ಬಳಿಕ ಕಾವ್ಯದ ಸ್ಥಳಗಳು ಹೇಗೆ ತಿಳಿಯಾಗುತ್ತವೆಂಬುದನ್ನು ನೋಡೋಣ.

ಶಾಕುಂತಲದ ಪ್ರಥಮಾಂಕದಲ್ಲಿ ದುಷ್ಯಂತನು ಆಶ್ರಮವನ್ನು ಇನ್ನೂ ಕಾಣುವುದಕ್ಕೆ ಮೊದಲೇ ಅದರ ಸಾಮೀಪ್ಯವನ್ನು ಕೆಲವು ಗುರುತುಗಳಿಂದ ಊಹಿಸುತ್ತಾನೆ. ಇಂಗುದಿಯ ಕಾಯಿಗಳನ್ನು ಒಡೆದು ಜಿಡ್ಡಾದ ಕಲ್ಲುಗಳು ಆ ಗುರುತುಗಳಲ್ಲಿ ಒಂದು. ಕಲ್ಲೇ ಏಕೆ ಬೇಕಾಯಿತು? ಇಂಗಳದ ಓಟೆಯನ್ನು ಕೈಯಿಂದಾಗಲಿ ಹಲ್ಲಿನಿಂದಾಗಲಿ ಒಡೆಯಲಾಗದು. ಕಲ್ಲು ಜಿಡ್ಡಾಗುವುದೇಕೆ? ಬೀಜದಲ್ಲಿ ಎಣ್ಣೆ ಅಷ್ಟು ತುಂಬಿರುವುದರಿಂದ. ಕವಿಯು ನೋಡಿ ಬರೆದ ಮಾತಿದು. ದ್ವಿತೀಯಾಂಕದಲ್ಲಿ ವಿದೂಷಕನು, ಇಂಗುದಿಯ ಎಣ್ಣೆಯಿಂದ ತಲೆ ಜಿಡ್ಡಾದ ಯಾವನೋ ತಪಸ್ವಿಯ ಕೈಗೆ ಶಕುಂತಲೆ ಸಿಕ್ಕದಂತೆ ಬೇಗ ಕಾಪಾಡೆಂದು ರಾಜನನ್ನು ಎಚ್ಚರಿಸುತ್ತಾನೆ. ಅರಮನೆಯ ಸುಗಂಧತೈಲಗಳ ನಡುವೆ ಬಾಳಿದ ವಿದೂಷಕನ ಬಾಯಲ್ಲಿ ಈ ಮಾತು ಏಕೆ ಹಾಸ್ಯವಾಯಿತೆಂಬುದು ‘ಪೂತಿಗಂಧ’ವೆಂಬ ಪರ್ಯಾಯವನ್ನು ಬಲ್ಲವರಿಗೆ ಮಾತ್ರ ಹೊಳೆಯುವುದು. ಚತುರ್ಥಾಂಕದಲ್ಲಿ ದರ್ಭೆಯ ಮೊನೆಯಿಂದ ಬಾಯಿ ಗಾಯಗೊಂಡ ಜಿಂಕೆಯ ಮರಿಗೆ ಶಕುಂತಲೆ ಹಚ್ಚಿದ ಎಣ್ಣೆಯೂ ಇದೇ. ಭಾವಪ್ರಕಾಶದಲ್ಲಿ ಇಂಗುದಿಯನ್ನು ವ್ರಣ, ಕುಷ್ಠ, ಕ್ರಿಮಿ, ವಿಷಗಳನ್ನು ಪರಿಹರಿಸುವ ಉಷ್ಣವೀರ್ಯದ ದ್ರವ್ಯವೆಂದು ಹೇಳಿದೆ. ಹೀಗೆ ಒಂದೇ ನಾಟಕದಲ್ಲಿ ಈ ಗಿಡವು ಮೊದಲು ಗುರುತಾಗಿ, ಆಮೇಲೆ ಪರಿಹಾಸವಾಗಿ, ಕೊನೆಗೆ ವಾತ್ಸಲ್ಯದ ಸಾಕ್ಷಿಯಾಗಿ ಮೂರು ಸಲ ಬಂದಿದೆ. ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ ಪರಿತ್ಯಕ್ತೆಯಾದ ಸೀತೆಗೆ ವಾಲ್ಮೀಕಿಯ ಆಶ್ರಮದಲ್ಲಿ ಕೊಟ್ಟ ಎಲೆಮನೆಯೊಳಗೆ ಉರಿಯುವ ದೀಪವೂ ಇಂಗುದಿಯ ಎಣ್ಣೆಯದೇ.

ಈ ಎಲ್ಲಕ್ಕಿಂತ ಗಂಭೀರವಾದ ಪ್ರಯೋಗವು ಅಯೋಧ್ಯಾಕಾಂಡದಲ್ಲಿದೆ. ಚಿತ್ರಕೂಟದಲ್ಲಿ ಭರತನಿಂದ ತಂದೆಯ ಮರಣವಾರ್ತೆಯನ್ನು ಕೇಳಿದ ರಾಮನು ಮಂದಾಕಿನಿಯಲ್ಲಿ ಜಲಾಂಜಲಿಯಿತ್ತು, ಇಂಗುದಿಯ ಹಿಂಡಿಗೆ ಬದರೀಫಲವನ್ನು ಬೆರಸಿ ದರ್ಭೆಯ ಮೇಲೆ ಪಿಂಡವನ್ನಿಡುತ್ತಾನೆ. ಬಳಿಕ ಅಲ್ಲಿಗೆ ಬಂದ ಕೌಸಲ್ಯೆಯು ಆ ಪಿಂಡವನ್ನು ನೋಡಿ, ಭೂಮಿಯನ್ನಾಳಿದ ಮಹಾರಾಜನು ಇದನ್ನು ಹೇಗೆ ತಿಂದಾನು ಎಂದು ಗೋಳಾಡುತ್ತಾಳೆ. ಇಂಗುದಿಯನ್ನು ಬಾದಾಮಿಯೆಂದು ತಿಳಿದವರಿಗೆ ಈ ಗೋಳಿನ ಅರ್ಥವೇ ಆಗದು. ಬಾದಾಮಿಯ ಪಿಂಡವು ದಾರಿದ್ರ್ಯದ ಗುರುತಲ್ಲ. ಇಂಗಳದ ಬೀಜವೋ ಸಹಜವಾಗಿಯೇ ಕಹಿ. ಆಫ್ರಿಕದ ಬಡಜನರು ಅದನ್ನು ಹಲವು ಸಲ ಬೇಯಿಸಿ ನೀರು ಬಸಿದ ಮೇಲೆಯೇ ತಿನ್ನುವರು. ಅದರ ಎಣ್ಣೆಯನ್ನು ತೆಗೆದ ಮೇಲೆ ಉಳಿದ ಹಿಂಡಿಯನ್ನು ರಾಮನು ತಂದೆಗೆ ಅರ್ಪಿಸಿದನು. ಏಕೆಂದರೆ ತಾನು ತಿನ್ನುತ್ತಿದ್ದುದು ಅದನ್ನೇ. ಜೊತೆಗೆ ಬೆರಸಿದ ಬದರಿಯೆಂದರೆ ನಮ್ಮ ಬಾರೆಯ ಹಣ್ಣು. ಇಂಗಳವೂ ಬಾರೆಯೂ ಒಂದೇ ಬದುವಿನ ಮೇಲೆ ಒತ್ತೊತ್ತಾಗಿ ಬೆಳೆಯುವ ಎರಡು ಮುಳ್ಳುಗಿಡಗಳು. ನಮ್ಮ ಸೀಮೆಯ ಹೊಲದ ದಾರಿಯಲ್ಲಿ ಈ ಎರಡನ್ನೂ ವಿದ್ಯಾರ್ಥಿಗೆ ಒಟ್ಟಿಗೆ ತೋರಿಸಿದರೆ ಆ ಪಿಂಡದ ಕಹಿಯೂ ಕೌಸಲ್ಯೆಯ ಕಣ್ಣೀರೂ ವ್ಯಾಖ್ಯಾನವಿಲ್ಲದೆ ತಿಳಿಯುವುವು.

೫

ಲೋಕದಲ್ಲಿ ಈ ಗಿಡದ ಉಪಯೋಗಗಳನ್ನೂ ಸ್ವಲ್ಪದರಲ್ಲಿ ಹೇಳಬೇಕು. ಕೊಂಬೆಗಳನ್ನು ಕಡಿದು ಹೊಲಕ್ಕೂ ಹಟ್ಟಿಗೂ ಮುಳ್ಳುಬೇಲಿ ಹಾಕುವರು. ಎಲೆಯನ್ನು ಆಡುಗಳೂ ಒಂಟೆಗಳೂ ಮೇಯುತ್ತವೆ. ಮರವು ಗಟ್ಟಿಯಾದುದರಿಂದ ಊರುಗೋಲಿಗೂ ಉಪಕರಣಗಳ ಹಿಡಿಗೂ ಸೌದೆಗೂ ಒದಗುವುದು. ಹಣ್ಣಿನ ತಿರುಳು ನೀರಿನಲ್ಲಿ ನೊರೆಗಟ್ಟುವುದರಿಂದ ರೇಷ್ಮೆಯ ಬಟ್ಟೆಗಳನ್ನು ಒಗೆಯಲು ಬಳಸುವ ಪದ್ಧತಿ ಉತ್ತರದೇಶದಲ್ಲಿತ್ತು. ನೊರೆಗೆ ಕಾರಣ ಅದರಲ್ಲಿರುವ ಸಪೋನಿನ್ ಎಂಬ ದ್ರವ್ಯ. ಅದು ಮೀನು, ಬಸವನಹುಳು ಮೊದಲಾದ ಜಲಚರಗಳಿಗೆ ವಿಷ. ಬಸವನಹುಳುಗಳ ಮೂಲಕ ಹರಡುವ ಒಂದು ರೋಗವನ್ನು ತಡೆಯಲು ಈ ಹಣ್ಣನ್ನು ಕೆರೆಕುಂಟೆಗಳಲ್ಲಿ ಹಾಕಬಹುದೆಂದು ೧೯೩೩ರಲ್ಲಿ ಸೂಡಾನಿನಲ್ಲಿ ಆರ್ಚಿಬಾಲ್ಡ್ ಎಂಬ ವೈದ್ಯನು ಸೂಚಿಸಿದನು. ನಮ್ಮ ವೈದ್ಯರು ಇದನ್ನು ಕ್ರಿಮಿಘ್ನವೆಂದು ಕರೆದುದು ನಿರಾಧಾರವಲ್ಲವೆಂಬುದು ಇದರಿಂದ ತೋರುವುದು.

ಓಟೆಗೆ ರಂಧ್ರ ಕೊರೆದು ಬೀಜವನ್ನು ತೆಗೆದು ಮದ್ದನ್ನು ತುಂಬಿ ಪಟಾಕಿಯಂತೆ ಸಿಡಿಸುವುದೂ ಉಂಟು. ಇಂದೂರಿನ ಬಳಿಯ ಗೌತಮಪುರದಲ್ಲಿ ದೀಪಾವಳಿಯ ಮರುದಿನ ಎರಡು ಊರುಗಳವರು ಇಂತಹ ಹಿಂಗೋಟಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡುವ ಅಪಾಯಕರವಾದ ಆಟವು ಪ್ರಸಿದ್ಧವಾಗಿದೆ. ತಪಸ್ವಿಗಳ ದೀಪವಾಗಿದ್ದುದು ಅಲ್ಲಿ ಆಯುಧವಾಗಿದೆ.

೬

ಇನ್ನು ಹೆಸರಿನ ವಿಚಾರ. ಗಿಡವು ನಮ್ಮ ನೆಲದಲ್ಲಿ ಹಳೆಯದೆಂಬುದಕ್ಕೆ ಊರುಗಳ ಹೆಸರುಗಳೇ ಸಾಕ್ಷಿ ನುಡಿಯುತ್ತವೆಂದು ನನ್ನ ಅಭಿಪ್ರಾಯ. ವಿಜಯಪುರದ ಆಗ್ನೇಯಕ್ಕೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಇಂಗಳೇಶ್ವರವೆಂಬ ಊರುಂಟು. ಅದು ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರೆಂಬ ಸಂಪ್ರದಾಯದಿಂದ ಅದರ ಹೆಸರು ಕನ್ನಡಿಗರೆಲ್ಲರಿಗೂ ಪರಿಚಿತ. ಇಂಗಳಗಿಯೆಂಬ ಹಳ್ಳಿಗಳೋ ಬಯಲುಸೀಮೆಯ ಜಿಲ್ಲೆಗಳಲ್ಲಿ ಹಲವು.

ಕನ್ನಡದಲ್ಲಿ ಇಂಗಳವೆಂದರೆ ಕೆಂಡವೆಂಬ ಅರ್ಥವೂ ಇದೆ. ಅದು ಸಂಸ್ಕೃತದ ಅಂಗಾರದಿಂದ ಬಂದದ್ದು. ವರರುಚಿಯ ಪ್ರಾಕೃತಪ್ರಕಾಶದಂತೆ ಅಂಗಾರದ ಮೊದಲ ಅಕಾರವು ಇಕಾರವಾಗಿ, ರೇಫವು ಲಕಾರವಾಗಿ, ಇಂಗಾಲವೆಂದಾಗುವುದು. ಹಾಗಾದರೆ ಇಂಗಳೇಶ್ವರನು ಕೆಂಡದ ಈಶ್ವರನೋ, ಇಂಗುದಿಯ ಈಶ್ವರನೋ?

ಇದನ್ನು ನಿರ್ಣಯಿಸಲು ಶಾಸನಗಳ ರೂಪವು ಸಹಾಯಮಾಡುತ್ತದೆ. ಜೈನರ ಮೂಲಸಂಘ, ದೇಶಿಯಗಣ, ಪುಸ್ತಕಗಚ್ಛದಲ್ಲಿ ಒಂದು ಶಾಖೆಗೆ ಈ ಊರಿನಿಂದ ಹೆಸರು ಬಂದಿದೆಯೆಂದು ವಿದ್ವಾಂಸರು ಹೇಳುವರು. ಅದು ಶಾಸನಗಳಲ್ಲಿ ‘ಇಂಗುಳೇಶ್ವರದ ಬಳಿ’ ಎಂದು ಕಾಣುತ್ತದೆ. ಕಲಬುರಗಿ ಸೀಮೆಯ ಇಂಗಳಗಿಯು ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದ ಶಾಸನದಲ್ಲಿ ‘ಇಂಗುಣಿಗೆ’ಯಾಗಿದೆ, ಅವನ ರಾಣಿ ಜಾಕಲದೇವಿಯು ಅದನ್ನು ಆಳುತ್ತಿದ್ದಳು. ಎರಡರಲ್ಲಿಯೂ ಗಕಾರದ ಮೇಲೆ ಉಕಾರವಿರುವುದನ್ನು ಗಮನಿಸಬೇಕು. ಇಂಗಾಲದಿಂದ ಈ ಉಕಾರವು ಬರಲಾರದು; ಇಂಗುದಿಯಲ್ಲಿಯಾದರೋ ಅದು ಸಿದ್ಧವಾಗಿಯೇ ಇದೆ. ದಕಾರವು ಲಕಾರವಾಗುವುದಕ್ಕೂ ಪ್ರಾಕೃತವ್ಯಾಕರಣದ ಸಮ್ಮತಿಯುಂಟು: ಪ್ರದೀಪ್ತ, ಕದಂಬ, ದೋಹದ ಶಬ್ದಗಳಲ್ಲಿ ಹಾಗಾಗುವುದೆಂದು ವರರುಚಿಯೇ ವಿಧಿಸಿದ್ದಾನೆ. ಆ ಗಣದಲ್ಲಿ ಇಂಗುದಿಯ ಹೆಸರಿಲ್ಲದಿದ್ದರೂ ಅದೇ ದಾರಿ ಇಲ್ಲಿಯೂ ನಡೆದಿರಬಹುದು. ಹಾಗೆ ಬಂದ ಲಕಾರವು ಕನ್ನಡದಲ್ಲಿ ಳಕಾರವಾಗುವುದನ್ನು ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರು ಕ್ಷಳವೆಂಬ ಹೆಸರಿನಿಂದ ಬಲ್ಲರು. ಇಂಗುದೀ, ಇಂಗುಲ, ಇಂಗುಳ, ಇಂಗಳ ಎಂಬುದೇ ಕ್ರಮ.

ಹಿಂಗುಲವೆಂಬ ಕೆಂಪುಖನಿಜದ ಹೆಸರಿನಿಂದಲೂ ಇಂಗುಳವನ್ನು ಸಾಧಿಸಬಹುದಲ್ಲವೆ ಎಂದು ಕೇಳಬಹುದು. ಧ್ವನಿಯ ದೃಷ್ಟಿಯಿಂದ ಅಡ್ಡಿಯಿಲ್ಲ. ಆದರೆ ಹಿಂಗುಲವು ನಮ್ಮ ನೆಲದಲ್ಲಿ ದೊರೆಯುವ ವಸ್ತುವಲ್ಲ. ಒಂದಲ್ಲ, ಎರಡಲ್ಲ, ಅನೇಕ ಹಳ್ಳಿಗಳಿಗೆ ಅದರಿಂದ ಹೆಸರಾಯಿತೆಂಬುದು ಯುಕ್ತಿಗೆ ಹೊಂದದು. ಗಿಡದಿಂದಾಯಿತೆಂಬುದು ಸಹಜ, ಹುಣಸೆಯಿಂದ ಹುಣಶ್ಯಾಳವಾದಂತೆ. ಇಂಗುಣಿಗೆಯ ಣಕಾರವೂ ಮರಾಠಿಯ ಹಿಂಗಣಕ್ಕೆ ಹತ್ತಿರವಾಗಿದೆ.

ಇನ್ನೊಂದು ಸ್ವಾರಸ್ಯವುಂಟು. ಭಾವಪ್ರಕಾಶದಲ್ಲಿ ಇಂಗುದಿಗೆ ‘ಅಂಗಾರವೃಕ್ಷ’ವೆಂಬ ಪರ್ಯಾಯವಿದೆ. ದೇಶಭಾಷೆಗಳಲ್ಲಿ ಗಿಡದ ಹೆಸರೂ ಕೆಂಡದ ಹೆಸರೂ ಒಂದೇ ಆಗಿ ಕೇಳಿಸತೊಡಗಿದ ಮೇಲೆ, ಯಾರೋ ವೈದ್ಯರು ಆ ದೇಶ್ಯರೂಪವನ್ನು ಮರಳಿ ಸಂಸ್ಕೃತಕ್ಕೆ ತಿರುಗಿಸುವಾಗ ಅಂಗಾರವೆಂದು ಮಾಡಿರಬೇಕೆಂದು ತೋರುತ್ತದೆ. ಹಾಗಿದ್ದರೆ ಕೆಂಡವೆಂಬ ಅರ್ಥವನ್ನು ಹಿಡಿದು ಹೊರಟವರೂ ಕೊನೆಗೆ ಈ ಗಿಡದ ಬುಡಕ್ಕೇ ಬಂದು ನಿಲ್ಲಬೇಕಾಗುವುದು.

ಬಬಲೇಶ್ವರದ ಹೆಸರನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ಜಾಲಿಗೆ ಸಂಸ್ಕೃತದಲ್ಲಿ ಬಬ್ಬೂಲ, ಮರಾಠಿಯಲ್ಲಿ ಬಾಭೂಳ ಎಂದು ಹೆಸರು. ಬಬಲೇಶ್ವರದ ಪೂರ್ವಪದವು ಅದೇ ಆಗಿದ್ದರೆ, ಒಂದೇ ಜಿಲ್ಲೆಯಲ್ಲಿ ಎರಡು ಮುಳ್ಳುಗಿಡಗಳ ನೆರಳಿನಲ್ಲಿ ಎರಡು ಲಿಂಗಗಳು ನೆಲಸಿ ಎರಡು ಊರುಗಳಿಗೆ ಹೆಸರಾದಂತಾಗುವುದು. ಇದು ಊಹೆ, ಶಾಸನದ ಪ್ರಾಚೀನರೂಪದಿಂದ ದೃಢವಾಗಬೇಕಾದದ್ದು. ಇಂಗಳೇಶ್ವರದ ವಿಷಯದಲ್ಲಿರುವಷ್ಟು ಬಲವನ್ನು ಇದಕ್ಕೆ ನಾನು ಕೊಡುವುದಿಲ್ಲ.

೭

೨೦೧೪ರ ನವೆಂಬರ್ ೧ರಂದು ಬಿಜಾಪುರವು ವಿಜಯಪುರವೆಂಬ ತನ್ನ ಪ್ರಾಚೀನನಾಮವನ್ನು ಮರಳಿ ಪಡೆಯಿತು. ಊರಿನ ಹೆಸರು ಮರಳಿತು. ಆದರೆ ಹೊಲದ ಹೆಸರುಗಳು ಹೋಗುತ್ತಿವೆ. ಕೃಷ್ಣೆಯ ನೀರು ಏತನೀರಾವರಿಯಿಂದ ಬಬಲೇಶ್ವರ ಟಿಕೋಟಾಗಳ ಹೊಲಗಳಿಗೆ ಬಂದಿದೆ. ದ್ರಾಕ್ಷಿ ದಾಳಿಂಬೆಗಳು ಬೆಳೆಯುತ್ತಿವೆ. ಕ್ಷಾಮದ ನಾಡಿಗೆ ಇದು ಮಹಾಭಾಗ್ಯ. ಇದನ್ನು ಹಳಿಯುವವನು ಮೂರ್ಖನು. ಆದರೆ ಬದುಗಳನ್ನು ಒಡೆದು ಸಮಮಾಡುವಾಗ ಇಂಗಳವೂ ಬಾರೆಯೂ ಬೇರುಸಹಿತ ಹೋಗುತ್ತವೆ. ಬೀಳುನೆಲಗಳನ್ನೋ ಹೊರದೇಶದಿಂದ ಬಂದ ಬಳ್ಳಾರಿಜಾಲಿಯು ಆಕ್ರಮಿಸಿದೆ. ಬೇಲಿಗೆ ಮುಳ್ಳುತಂತಿ, ಒಗೆಯಲು ಸಾಬೂನು, ದೀಪಕ್ಕೆ ವಿದ್ಯುತ್ತು ಬಂದ ಮೇಲೆ ಈ ಗಿಡದಿಂದ ಒಕ್ಕಲಿಗನಿಗೆ ಆಗಬೇಕಾದುದೇನೂ ಉಳಿದಿಲ್ಲ.

ಆಗಬೇಕಾದುದು ಉಳಿದಿರುವುದು ನಮಗೆ, ಎಂದರೆ ಕಾವ್ಯವನ್ನು ಓದಿಸುವವರಿಗೆ. ಬದುವಿನಿಂದ ಗಿಡವು ಹೋದರೆ ಶಾಕುಂತಲದ ಜಿಡ್ಡುಗಲ್ಲೂ ರಾಮನ ಪಿಂಡವೂ ಬರಿಯ ಶಬ್ದಗಳಾಗಿ ಉಳಿಯುವುವು. ನಮ್ಮ ನಂತರದವರು ಕೋಶವನ್ನು ತೆರೆದು ಬಾದಾಮಿಯೆಂದು ಓದುವರು. ಆದುದರಿಂದ ಈ ಸೀಮೆಯ ಸಂಸ್ಕೃತ ಕನ್ನಡ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಇಂಗುದಿಯ ಪ್ರಸ್ತಾಪ ಬಂದ ದಿನ ವಿದ್ಯಾರ್ಥಿಗಳನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ, ಒಂದು ಕಾಯಿಯನ್ನು ಕಲ್ಲಿನ ಮೇಲೆ ಒಡೆಸಿ, ಆ ಕಲ್ಲನ್ನು ಮುಟ್ಟಿ ನೋಡಿಸಿರಿ. ಶಾಲೆಯ ಅಂಗಳದ ಮೂಲೆಯಲ್ಲಿ ಒಂದು ಬೀಜವನ್ನು ಬಿತ್ತಿಸಿರಿ; ಇದಕ್ಕೆ ಹೆಚ್ಚು ನೀರೂ ಬೇಡ, ಆರೈಕೆಯೂ ಬೇಡ. ಊರುಗಳ ಹೆಸರಿನ ವಿಷಯದಲ್ಲಿ ನಾನು ಮೇಲೆ ಹೇ­ಳಿರುವುದನ್ನು ಶಾಸನಗಳ ಆಧಾರದಿಂದ ಸಮರ್ಥಿಸುವವರಿದ್ದರೂ ಖಂಡಿಸುವವರಿದ್ದರೂ ಅದರಿಂದ ವಿಷಯವು ನಿಷ್ಕೃಷ್ಟವಾಗುವುದೆಂದು ನಂಬಿ ಈ ಲೇಖನವನ್ನು ಮುಗಿಸುತ್ತೇನೆ.